ಜನರೇಟರ್ ಕೂರಿಸಿಕೊಟ್ಟವರು

ಕರೆಂಟ್ ಹೋದರೂ ಅಮ್ಮನ ಆಕ್ಸಿಜನ್ ಯಂತ್ರ ನಿಲ್ಲಬಾರದೆಂದು ತ್ಯಾಗರಾಜನಗರದ ನಮ್ಮ ಮನೆಗೆ ಜನರೇಟರ್ ತರಿಸಿದೆವು. ಪಕ್ಕದ ಮನೆಯ ಕಡೆಗಿನ ಗೋಡೆಯ ಬಳಿ ಅದನ್ನು ಕೂರಿಸಲು ಬಂದ ಮೆಕ್ಯಾನಿಕ್‌ಗೆ ಮಾತು ಕಡಿಮೆ. ಏನು ಕೇಳಿದರೂ "ಓಡಿಸಿ ನೋಡೋಣ ಸಾರ್" ಎನ್ನುತ್ತಿದ್ದರು.

ಪರೀಕ್ಷೆಗೆಂದು ಅವರು ಮೇನ್ ಸ್ವಿಚ್ ಆರಿಸಿದರು. ಜನರೇಟರ್ ತಾನಾಗಿ ಶುರುವಾಯಿತು, ಅಮ್ಮನ ಯಂತ್ರವೂ ಓಡಿತು. ನನಗೆ ಹೋದ ಜೀವ ಬಂದಂತಾಯಿತು. ಅವರು ಮಾತ್ರ ಪಕ್ಕದ ಮನೆಯ ಬಾಗಿಲು ತಟ್ಟಿ, "ಅಕ್ಕ, ನಿಮ್ಮ ರೂಮಿನ ಕಿಟಕಿ ಹತ್ರ ಸ್ವಲ್ಪ ನಿಂತ್ಕೊಳ್ಲಾ?" ಎಂದು ಕೇಳಿ ಒಳಗೆ ಹೋದರು.

ಹತ್ತು ನಿಮಿಷದ ಮೇಲೆ ಕೆಮ್ಮುತ್ತಾ ಬಂದರು. "ಮಗು ಮಲಗೋ ರೂಮಿಗೆ ಹೊಗೆ ಹೋಗ್ತಿದೆ ಸಾರ್. ಮಿಷಿನ್ ಹಿತ್ತಲಿಗೆ ಹಾಕ್ಬೇಕು."

"ಅವರೇನೂ ಹೇಳಿಲ್ವಲ್ಲ?" ಎಂದೆ.

"ಕರೆಂಟ್ ಹೋದ್ರೆ ಅವ್ರಿಗೆ ಫ್ಯಾನ್ ಇರಲ್ಲ ಸಾರ್, ಕಿಟಕಿ ತೆಗೆದೇ ಮಲಗ್ತಾರೆ" ಎನ್ನುತ್ತಾ, ಬೆಳಗಿನಿಂದ ಬಿಗಿದಿದ್ದ ಬೋಲ್ಟುಗಳನ್ನೆಲ್ಲ ಬಿಚ್ಚತೊಡಗಿದರು. ನಾಚಿಕೆಯಾಗಿ ನಾನೂ ಅಂಗಿಯ ತೋಳು ಮಡಚಿದೆ.