ಇನ್ನೊಬ್ಬಳ ಅಳತೆ

ನಮ್ಮ ಅಕ್ಕೋರ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಇತ್ತು. ದಾರ ಕಡಿದು ಕಡಿದು ಬಿದ್ದ ಕಚ್ಚು. ಅವರು ಮಾತಾಡುವಾಗ ಆ ಸಂದಿನಿಂದ ತೆಳ್ಳಗೆ ಗಾಳಿ ಹೊರಬರುತ್ತಿತ್ತು. ರಾಮದುರ್ಗದ ನಮ್ಮ ಸಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು, ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದವರೂ ಅವರೇ. ದೆವ್ವಗಳಲ್ಲಿ ನನಗೆ ನಂಬಿಕೆಯಿಲ್ಲ. ಯಾರಾದರೂ ಇವೆ ಎಂದರೆ ಸಾಕ್ಷಿ ಕೇಳುತ್ತೇನೆ. ಆದರೂ ಬಟ್ಟೆ ಹೊಲಿಸಲು ನಿಂತಾಗ, ಟೇಪು ಭುಜಕ್ಕೆ ತಾಗುವ ಮೊದಲು, ನನ್ನ ಕಿವಿಯ ಹಿಂದೆ ಆ ಗಾಳಿ ಸುಳಿಯುತ್ತದೆ.

ಅಕ್ಕೋರ ಮಗಳು ಬೈಲಹೊಂಗಲದ ಆಚೆ, ಸಂಪಗಾಂವದಲ್ಲಿ, ಅವರ ಗಂಡನ ಮನೆಯಲ್ಲಿ ಬೆಳೆಯುತ್ತಿದ್ದಳು. ಅಕ್ಕೋರು ಆ ಮನೆ ಬಿಟ್ಟಾಗ ಮಗುವಿಗಿನ್ನೂ ಹಲ್ಲು ಬಂದಿರಲಿಲ್ಲವಂತೆ. ಯಾಕೆ ಬಿಟ್ಟರು ಎಂಬುದಕ್ಕೆ ಊರಿನ ಬಳಿ ಬೇಕಾದಷ್ಟು ಕಾರಣಗಳಿದ್ದವು, ಪುರಾವೆ ಒಂದಕ್ಕೂ ಇರಲಿಲ್ಲ. ಹಿರಿಯರು ಕೂತು ತೀರ್ಮಾನ ಮಾಡಿದ್ದರು: ಅರಿವೆ-ಅಂಚಡಿ ಕಳಿಸಲಿ, ತಾನು ಮಾತ್ರ ಬರುವುದು ಬೇಡ.

ದೀಪಾವಳಿ ಹತ್ತಿರ ಬಂತೆಂದರೆ, ಚರ್ಚೆಯ ತಾಲೀಮು ಮುಗಿದ ಮೇಲೆ ನನ್ನೊಬ್ಬಳನ್ನು ನಿಲ್ಲಿಸಿಕೊಳ್ಳುತ್ತಿದ್ದರು. "ನನ್ನ ಮಗಳು ನಿನ್ನ ವಾರಿಗಿಯಾಕಿ. ಒಂಚೂರು ನೆಟ್ಟಗ ನಿಂದ್ರು," ಎಂದು ಮೊದಲ ಸಲವೇ ಹೇಳಿದ್ದರು. ನಮ್ಮ ಕಡೆ ಅಳತೆ ಕೊಡಬೇಕಾದವರು ಎದುರಿಗಿಲ್ಲದಿದ್ದರೆ ಅವರಷ್ಟೇ ಮೈಕಟ್ಟಿನವರನ್ನು ನಿಲ್ಲಿಸಿ, ಅಳತೆಗೆ ದಾರಕ್ಕೆ ಗಂಟು ಹಾಕಿ ಆ ದಾರವನ್ನೇ ಟೇಲರನಿಗೆ ಕೊಡುವುದುಂಟು. ಅಕ್ಕೋರ ಬೆರಳು ನನ್ನ ಭುಜದ ಎಲುಬನ್ನು ಹುಡುಕಿ, ಅಲ್ಲಿ ಬೇಕಾದದ್ದಕ್ಕಿಂತ ಕೊಂಚ ಹೆಚ್ಚೇ ಹೊತ್ತು ನಿಲ್ಲುತ್ತಿತ್ತು. ಆಮೇಲೆ ಅಂಗೈ ಬೆನ್ನುಗುಂಟ ಕೆಳಗಿಳಿಯುತ್ತಿತ್ತು. ಕೊನೆಗೆ ಕಿವಿಯ ಹಿಂದೆ ಉಸಿರು, ದಾರ ಕಡಿದ ಸಪ್ಪಳ.

ನಾನು ಓರಗೆಯವರಲ್ಲೇ ಉದ್ದ. ಆಕೆಯೂ ನನ್ನಷ್ಟೇ ಎತ್ತರ ಇದ್ದಾಳೆಂದು ಹೇಗೆ ಗೊತ್ತು ಎಂದು ಒಮ್ಮೆ ಕೇಳಿಯೇಬಿಟ್ಟೆ. "ಅಲ್ಲಿ ಹಾಲು-ಹೈನ ಭಾಳ ಐತಿ," ಎಂದರು ಅಕ್ಕೋರು, "ಬೆಳದಿರತಾಳ." ಹೊಲಿದ ಅರಿವೆಯ ಗಂಟು ಬೈಲಹೊಂಗಲದ ಬಸ್ಸಿನಲ್ಲಿ ಡ್ರೈವರ್ ಕಾಕಾನ ಸೀಟಿನ ಹಿಂದೆ ಕೂತು ಹೋಗುತ್ತಿತ್ತು. ನಾನು ಕಾಲೇಜಿಗೆ ಹೋದ ಮೇಲೂ ಹಬ್ಬಕ್ಕೆ ಬಂದಾಗ ಅಳತೆ ಕೊಡುವುದು ತಪ್ಪಲಿಲ್ಲ.

ಸಾಲೆಯಲ್ಲಿದ್ದಾಗ ಸವದತ್ತಿಯ ಒಂದು ಸ್ಪರ್ಧೆಗೆ ಕೊಟ್ಟ ವಿಷಯ: ಕಥೆಗಳಲ್ಲಿ ದೂರದ ತಂದೆತಾಯಿ ಕಳಿಸುವ ಉಡುಗೊರೆ ಪ್ರೀತಿಯಲ್ಲ, ಪ್ರೀತಿಯ ಬದಲಿ. ನಾನು ಪರ. ತಾಲೀಮಿನಲ್ಲಿ ವಿರೋಧ ವಹಿಸುವುದು ಯಾವಾಗಲೂ ಅಕ್ಕೋರು. ಸಾಲೆಯ ಕಪಾಟಿನಿಂದ ಕಥೆಗಳನ್ನು ಆರಿಸಿ ಕೊಟ್ಟವರೂ ಅವರೇ. ಒಂದರಲ್ಲಿ ಹಡಗಿನ ಕೆಲಸದ ಅಪ್ಪ ಕೀಲಿ ಕೊಟ್ಟರೆ ನಡೆಯುವ ಗೊಂಬೆ ಕಳಿಸುತ್ತಾನೆ. ಇನ್ನೊಂದರಲ್ಲಿ ತಾಯಿ ಕಳಿಸಿದ ಗೆಜ್ಜೆಯನ್ನು ಮಗಳು ಬಾವಿಗೆ ಎಸೆಯುತ್ತಾಳೆ. ಗೊಂಬೆಗೆ ಅಪ್ಪಿಕೊಳ್ಳಲು ಬರುವುದಿಲ್ಲ, ಅಪ್ಪಿಕೊಳ್ಳುವ ಕೆಲಸ ತಪ್ಪಿಸಿಕೊಳ್ಳಲೆಂದೇ ಅದನ್ನು ಕಳಿಸುತ್ತಾರೆ ಎಂದು ನಾನು ವಾದಿಸಿದೆ.

"ಕತಿ ಬರಿಯಾವ್ರೆಲ್ಲಾ ಗಂಟು ಬಿಚ್ಚೂ ಮನ್ಯಾಗ ಕುಂತು ಬರೀತಾರ," ಎಂದರು ಅಕ್ಕೋರು. "ಗಂಟು ಕಟ್ಟೂ ಮನಿಗೆ ಒಬ್ಬರೂ ಬರೂದಿಲ್ಲ."

ಕಥೆಯಲ್ಲಿ ಇಲ್ಲದ್ದು ಸಾಕ್ಷಿಯಾಗುವುದಿಲ್ಲ ಎಂದೆ. ಅವರು ನಕ್ಕರು. "ಖರೆ. ಇದನ್ನಽ ಹೇಳು, ಗೆಲ್ತಿ." ಎಲ್ಲಿ ದನಿ ಇಳಿಸಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದನ್ನೂ ತೋರಿಸಿಕೊಟ್ಟರು. ಗೆದ್ದೆ. ಆ ದೀಪಾವಳಿಗೂ ದಾರ ಹಿಡಿದು ನನ್ನ ಹಿಂದೆ ನಿಂತರು.

ನನ್ನ ಕಾಲೇಜು ಮುಗಿಯುವ ಹೊತ್ತಿಗೆ ಅಕ್ಕೋರು ತೀರಿಕೊಂಡರು. ಮಣ್ಣು ಮುಗಿಸಿ ಎಲ್ಲರೂ ಮನೆಗೆ ಮರಳಿದಾಗ ಹಿತ್ತಲಲ್ಲಿ ಒಬ್ಬಳೇ ನಿಂತಿದ್ದವಳನ್ನು ಡ್ರೈವರ್ ಕಾಕಾ ತೋರಿಸಿ, ಅಕ್ಕೋರ ಮಗಳು, ತಾನೇ ಕರೆತಂದೆ ಎಂದ. ನನ್ನ ಭುಜದ ಮಟ್ಟಕ್ಕೆ ಬರುತ್ತಿದ್ದಳು. ತೊಟ್ಟ ಚೂಡಿದಾರದ ಭುಜ ಜಾರಿತ್ತು, ತೋಳನ್ನು ಮಡಚಿ ಮಡಚಿ ಮೇಲೇರಿಸಿದ್ದಳು.

"ಪ್ರತಿ ವರ್ಷ ಅರಿವಿ ಕಳಸ್ತಿದ್ಲು, ಒಂದೂ ಮೈಗೆ ಕುಂದರಲಿಲ್ರಿ," ಎಂದಳು. "ಹಡದಾಕಿಗೆ ಮಗಳ ಅಳತಿನೂ ಗೊತ್ತಿಲ್ಲ, ಅಂಗಡ್ಯಾಗ ಕೈಗೆ ಸಿಕ್ಕಿದ್ದು ಕಟ್ಟಿ ಒಗದಾಳ ಅಂತಿದ್ಲು ನಮ್ಮಜ್ಜಿ. ಇವತ್ತಽ ಮೊದಲ ಹಾಕ್ಕೊಂಡಿದ್ದು."

ಸವದತ್ತಿಯಲ್ಲಿ ನಾನು ಗೆದ್ದ ವಾದ ಅದೇ. ಬದುಕಿರುವ ಒಬ್ಬಳು ಅದನ್ನು ಮೈಮೇಲೆ ಹೊತ್ತು ನಿಂತಿದ್ದಳು. ಅದನ್ನು ಸುಳ್ಳು ಮಾಡುವ, ಅಂದು ನನಗೆ ಕಾಣದ ಸಾಕ್ಷಿ ಈಗ ನನ್ನ ಬಳಿಯಿತ್ತು. ಸಾಕ್ಷಿ ನನ್ನ ಮೈಯೇ ಆಗಿತ್ತು.

"ಅಂಗಡ್ಯಾಗಿನೂ ಅಲ್ರಿ, ಹೊಲಿಸಿದ್ದು," ಎಂದೆ. "ಅಳತಿ ನಂದು." ದಾರ, ಗಂಟು, ತಾಲೀಮಿನ ನಂತರ ನನ್ನನ್ನು ನಿಲ್ಲಿಸಿಕೊಳ್ಳುತ್ತಿದ್ದದ್ದು, ಹೈನದ ಮಾತು, ಎಲ್ಲ ಹೇಳಿದೆ. ತನ್ನ ಅರಿವೆಗೆ ಇನ್ನೊಬ್ಬಳ ಅಳತೆಯೇ ಎಂದು ಸಿಟ್ಟಾಗುತ್ತಾಳೆಂದು ಕಾದೆ. ಆಕೆ ಮಡಚಿದ ತೋಳನ್ನು ಬಿಚ್ಚಿದಳು. ಬೆರಳು ಮುಚ್ಚಿಹೋದವು.

"ಅಳತಿ ತಗೊಳ್ಳುವಾಗ ಮುಟ್ಟತಿದ್ಲೇನ್ರಿ?"

"ಹೌದ್ರಿ."

"ಎಲ್ಲಿ?"

ಅವಳೇ ತಿರುಗಿ, ನನಗೆ ಬೆನ್ನು ಮಾಡಿ ನೆಟ್ಟಗೆ ನಿಂತಳು. ಸಡಿಲ ಬಟ್ಟೆಯೊಳಗೆ ಭುಜದ ಎಲುಬನ್ನು ಹುಡುಕಿ, ಅಲ್ಲಿ ಬೆರಳಿಟ್ಟು, ಬೇಕಾದದ್ದಕ್ಕಿಂತ ಕೊಂಚ ಹೆಚ್ಚೇ ಹೊತ್ತು ನಿಂತೆ. ಆಮೇಲೆ ಅಂಗೈ ಬೆನ್ನುಗುಂಟ ಇಳಿಸಿದೆ.

"ಇಷ್ಟಽ?"

"ಇನ್ನೊಂದೈತ್ರಿ," ಎಂದೆ. ಬಗ್ಗಿ, ಅವಳ ಕಿವಿಯ ಹಿಂದೆ, ದಾರ ಕಡಿಯುವವಳಂತೆ ಉಸಿರು ಬಿಟ್ಟೆ.

ಅವಳದ್ದನ್ನು ಅವಳಿಗೆ ಮುಟ್ಟಿಸಿದೆ ಎಂದುಕೊಂಡಿದ್ದೆ. ಆದರೆ ಟೇಪು ಭುಜಕ್ಕೆ ಬಂದಾಗ ಆ ಗಾಳಿ ಈಗಲೂ ನನ್ನ ಬಳಿಗೇ ಬರುತ್ತದೆ. ನಾನು ನೆಟ್ಟಗೆ ನಿಲ್ಲುತ್ತೇನೆ.