ನಿಧಾನವಾಗಿ ಕೇಳಿದ ಹಾಡು

ಅರ್ಥವಾಗದ ಹಾಡಿಗೆ ತಲೆದೂಗುವ ಸುಖ ಅರ್ಥವಾದ ಹಾಡಿಗಿಲ್ಲವೆಂಬುದನ್ನು ನೀವೂ ಬಲ್ಲಿರಿ. ಅರ್ಥ ಬಂದು ಕುಳಿತೊಡನೆ ತಲೆ ತನ್ನ ಕೆಲಸ ಶುರುಮಾಡಿ, ದೂಗುವುದನ್ನೇ ಮರೆತುಬಿಡುತ್ತದೆ. ತೊಂಬತ್ತೆಂಟರ ಸುಮಾರಿಗೆ, ಇಂಗ್ಲಿಷ್ ಎಂ.ಎ. ಎಂಬ ಕೋಡು ಮೂಡಿಸಿಕೊಂಡು ಉಪ್ಪುಂದಕ್ಕೆ ಮರಳಿದ್ದ ನಾನು, ಊರವರ ಇಂಥ ಸುಖಗಳನ್ನು ಕೆಡಿಸುವುದೇ ವಿದ್ವತ್ತೆಂದು ತಿಳಿದಿದ್ದೆ.

ಪಕ್ಕದ ಮನೆಯ ಸುಮತಿ ನನ್ನ ಚಿಕ್ಕಮ್ಮನ ಮಗಳು. ಮುಂಬಯಿಯಲ್ಲಿ ಹೋಟೆಲು ನಡೆಸುವವನೊಬ್ಬನೊಡನೆ ಅವಳ ಮದುವೆ ಗೊತ್ತಾಗಿತ್ತು. ಒಂದು ಸಂಜೆ, ಅವನು ಕಳಿಸಿದ ಕ್ಯಾಸೆಟ್ಟು ಹಿಡಿದು, ಅರ್ಥ ಹೇಳೆಂದು ಬಂದಳು. ಅದರ ಮೊದಲ ಹಾಡೇ ತನ್ನ ಮನಸ್ಸು ಎಂದಿದ್ದನಂತೆ. ನೋಡಿದರೆ ಪಂಕ್ ರಾಕ್ ಎಂಬ ಇಂಗ್ಲಿಷ್ ಅಬ್ಬರ. ಪಂಕವಿದ್ದಲ್ಲಿ ಪಂಕಜವೂ ಇದ್ದೀತೆಂದು ಕಿವಿಗೊಟ್ಟೆ. ಸಂಜೆಯ ಇಳಿದ ವೋಲ್ಟೇಜಿಗೆ ಟೇಪು ತೆವಳುತ್ತಿದ್ದುದರಿಂದ, ಕಿರುಚಬೇಕಾದ ಗಾಯಕ ಬಾವಿಯೊಳಗಿಂದ ನರಳುತ್ತಿದ್ದ. ಆದ್ದರಿಂದಲೇ ಒಂದೊಂದು ಮಾತೂ ಬಿಡಿಬಿಡಿಯಾಗಿ ತಿಳಿಯಿತು. ಎದುರು ಮನೆಯ ಹುಡುಗಿಯನ್ನು ಒಬ್ಬ ಮರೆಯಲ್ಲಿ ನಿಂತು ನೋಡುತ್ತಾನೆ. ಅವಳು ಯಾವಾಗ ತಲೆ ಬಾಚುತ್ತಾಳೆ, ಯಾವಾಗ ದೀಪವಾರಿಸುತ್ತಾಳೆ, ಎಲ್ಲ ಬಲ್ಲ. ಬೇಕು, ಬೇಕು ಎನ್ನುತ್ತಾನೆ. ಕೊನೆಗೆ, ನಾನು ಹೇಳುವವರೆಗೆ ಪರದೆ ಎಳೆಯಬೇಡ ಎನ್ನುತ್ತಾನೆ.

ಆಸೆ, ಇಣುಕು, ಅಂಕುಶ ಎಂದು ನಾನು ಉಪನ್ಯಾಸಕ್ಕಿಳಿದೆ. ಹಾಡಿದವನು ಇಂಥ ಗಂಡಸನ್ನು ಗೇಲಿ ಮಾಡುತ್ತಿದ್ದಾನೆ, ಇದನ್ನು ಪ್ರೇಮವೆಂದುಕೊಂಡವನು ಪೆದ್ದನೇ ಸರಿ ಎಂದೂ ಸೇರಿಸಿದೆ. ಸುಮತಿ ನಗಲಿಲ್ಲ.

"ಇವ್ರೂ ಹಿಂಗೇ ಅಕ್ಕ. ನಾ ನಿನ್ನೆ ಎಂತ ಹಾಯ್ಕಂಡಿದ್ದೆ ಅಂದೇಳಿ ಬೊಂಬಾಯಗೆ ಕೂಕಂಡ್ ಹೇಳ್ತ್ರ್."

ಫೋನಿದ್ದದ್ದು ನಮ್ಮ ಮನೆಯಲ್ಲಿ. ಅವಳನ್ನು ಕರೆಯುವ ಮುನ್ನ ಭಾವೀ ಅಳಿಯನೊಡನೆ ನಾಲ್ಕು ಮಾತಾಡುವುದು ಅಮ್ಮನ ಮರ್ಯಾದೆ. ಗೊತ್ತಾದ ಹುಡುಗಿಯ ಸುದ್ದಿಯನ್ನು ಗಂಡಿನ ಕಡೆಗೆ ಮುಟ್ಟಿಸುವುದು ಊರಿನ ವಾಡಿಕೆ. ಹಸಿರು ಚೂಡಿದಾರ, ದೇವಸ್ಥಾನ, ಯಾರೊಡನೆ ನಕ್ಕಳು, ಎಲ್ಲವನ್ನೂ ಅಮ್ಮ ಅಕ್ಕರೆಯಿಂದಲೇ ಹೇಳುತ್ತಿದ್ದಳು. ಹಾಡಿನವನಿಗೆ ಒಂದು ಕಿಟಕಿಯಾದರೂ ಬೇಕಿತ್ತು. ಇವನಿಗೆ ಊರೇ ಕಣ್ಣಾಗಿತ್ತು. ಆದರೆ ಮೊನ್ನೆ ಸುಮತಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತದ್ದನ್ನೂ ಅವನು ಅವಳಿಗೇ ಹೇಳಿದ್ದನಂತೆ. ಅದು ಅಮ್ಮನಿಗೆ ಗೊತ್ತೇ ಇರಲಿಲ್ಲ; ಮತ್ತೆ ಯಾರು ಮುಟ್ಟಿಸಿದರೋ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಮ್ಮ ಒಳಗಿನಿಂದ ಬರುವಷ್ಟರಲ್ಲಿ ಸುಮತಿಯೇ ಎತ್ತಿದಳು. ಆ ಕಡೆಯ ಮಾತನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಇವತ್ತ್ ಎಂತ ಹಾಯ್ಕಂಡಿದ್ದೆ ಅಂದೇಳಿ ನಾ ಹೇಳುದಿಲ್ಲ," ಎಂದಳು. "ಈ ಮದಿ ನಂಗೆ ಬ್ಯಾಡ."

ಹಾಗೆ ಮದುವೆ ಮುರಿದು ಇಟ್ಟ ಫೋನ್ ಮತ್ತೆ ಬಡಿದುಕೊಂಡಿತು. ಅಭ್ಯಾಸಬಲದಿಂದ ಮುಂದೆ ಬಂದ ಅಮ್ಮ, ಸುಮತಿಯ ಮುಖ ನೋಡಿ ಅಲ್ಲೇ ನಿಂತಳು. ಅದು ತಾನಾಗಿ ನಿಲ್ಲುವವರೆಗೂ, ಅವನಿಗೆ ಕೇಳಿಸೀತೋ ಎಂಬಂತೆ, ನಾವು ಮೂವರೂ ಉಸಿರು ಬಿಗಿಹಿಡಿದು ಸುಮ್ಮನಿದ್ದೆವು.