ಶೇಕ್ಷಾವಲಿಯ ಇಂಗ್ಲಿಷ್ ಸೈಕಲ್ ಬುಕ್ಕುಗಳು

ಕಂಡವರ ಮನೆಯ ವಿಷಯಕ್ಕೆ ಮೂಗು ತೂರಿಸುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಟೀಚರ್ ಆದ ಮೇಲಾದರೂ ಹೋದೀತು ಅಂದುಕೊಂಡಿದ್ದೆ, ಹೋಗಲಿಲ್ಲ. ನಾನಿರುವುದು ಲಿಂಗಸುಗೂರಿನಲ್ಲಿ, ಕಲಿಸುವುದು ಮಸ್ಕಿಯಾಚೆ, ಸಿಂಧನೂರು ದಾರಿಯಿಂದ ಒಳಗಿರುವ ಒಂದು ಹಳ್ಳಿಯ ಶಾಲೆಯಲ್ಲಿ. ಮಸ್ಕಿವರೆಗೆ ಬಸ್ಸು, ಅಲ್ಲಿಂದ ಟಂಟಂ ಎನ್ನುವ ಶೇರ್ ಆಟೋ. ಟಂಟಂ ತುಂಬುವವರೆಗೆ ಚಾಲಕ ಕದಲುವುದಿಲ್ಲ. ಅಷ್ಟು ಹೊತ್ತು ನಾನು ಶೇಕ್ಷಾವಲಿಯ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತೇನೆ.

ಪಂಕ್ಚರ್ ಹಾಕುವ ಅಂಗಡಿಗಳು ಮಸ್ಕಿಯಲ್ಲಿ ಬೇಕಾದಷ್ಟಿವೆ. ಆದರೆ ಹಳೆಯ ಟೈರುಗಳ ಪಕ್ಕದಲ್ಲಿ ಇಂಗ್ಲಿಷ್ ಸೈಕಲ್ ಮ್ಯಾಗಜೀನುಗಳ ರಾಶಿ ಇರುವುದು ಇದೊಂದರಲ್ಲೇ. ಸಿಂಧನೂರಿನ ರದ್ದಿ ಅಂಗಡಿಗೆ ಹೈದರಾಬಾದಿನಿಂದ ಬರುವ ಹೊರೆಗಳಲ್ಲಿ ಆಗೊಂದು ಈಗೊಂದು ಸಿಗುತ್ತವೆ. ಕಾಗದ ನುಣುಪು, ಎಣ್ಣೆ ಹೀರುವುದಿಲ್ಲ, ಹಾಗಾಗಿ ಮಿರ್ಚಿ ಭಜಿಯವರು ಮುಟ್ಟುವುದಿಲ್ಲ. ಯಾರಿಗೂ ಬೇಡವಾದದ್ದನ್ನು ರದ್ದಿಯವನು ಶೇಕ್ಷಾವಲಿಗೆ ಎತ್ತಿಡುತ್ತಾನೆ. ಊರವರು ಆತನಿಗೆ ಹಿಂದಿನಿಂದ ‘ಬುಕ್ಕಿನ ಶೇಕ್ಷಾವಲಿ’ ಅನ್ನುತ್ತಾರೆ. ಅದು ಆತನ ಕಿವಿಗೂ ಬಿದ್ದಿದೆ, ಬಿದ್ದದ್ದಕ್ಕೆ ಸಂತೋಷವೇ ಇದೆ.

ಗೇರಿನ ಸೈಕಲ್ ತಂದ ಗಿರಾಕಿಗಳು ಯಾರಾದರೂ, “ಎಲ್ಲಾ ಮೊಬೈಲಿನ್ಯಾಗ ಬರತೈತಿ, ಈ ಹಳೇ ಬುಕ್ ಈಗ ಯಾರು ಓದತಾರ ಕಾಕಾ?” ಎಂದು ಕೆಣಕಿದರೆ ಶೇಕ್ಷಾವಲಿ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ.

“ಮೊಬೈಲಿನ್ಯಾಗ ಹತ್ತು ಮಂದಿ ಹತ್ತು ಹೇಳತಾರ. ನಾಳಿ ಅವ್ರು ಎಲ್ಲದಾರೊ ಏನೊ. ಇದರಾಗ ಬರದವ ತನ್ನ ಹೆಸರು ಹಾಕ್ಯಾನ. ಹೆಸರು ಹಾಕಿದಾವ ಸುಳ್ಳ ಹೇಳಾಕ ಅಂಜತಾನ.”

ಮಾತಿಗೆ ತೂಕವಿತ್ತು. ಆದರೆ ಬುಕ್ಕು ನೋಡಿ ಆತ ಮಾಡಿದ ಕೆಲಸಗಳೆಲ್ಲ ತೂಕದವಲ್ಲ. ಒಂದು ವರ್ಷ, ಮಳೆಯಲ್ಲಿ ಉದ್ದುದ್ದ ಮಡ್‌ಗಾರ್ಡ್ ಹಾಕಿಕೊಂಡು ಹೊರಟ ಬಿಳಿಯರ ಚಿತ್ರ ನೋಡಿ ಬಂದವರ ಸೈಕಲ್ಲಿಗೆಲ್ಲ ಅಂಥವೇ ಹಾಕಿದ. ನಮ್ಮ ಎರೆಮಣ್ಣು ಬಿಡಬೇಕಲ್ಲ. ಮೊದಲ ಮಳೆಗೇ ಮಣ್ಣು ಮೆತ್ತಿ ಚಕ್ರಗಳು ತಿರುಗದೆ ನಿಂತವು. ಮಂದಿ ಸೈಕಲ್ಲು ಹೆಗಲ ಮೇಲೆ ಹೊತ್ತು ತಂದು, ಅಂಗಡಿ ಮುಂದೆ ಇಳಿಸಿ, ಬಾಯಿಗೆ ಬಂದಂತೆ ಬೈದು ಹೋದರು. ಈ ಸೀಮೆಯಲ್ಲಿ ಮಳೆಗಾಲಕ್ಕೆ ಮಡ್‌ಗಾರ್ಡ್ ಬಿಚ್ಚಿಡುವುದೇ ರೂಢಿ. ಅದು ಗೊತ್ತಿದ್ದೂ ಆತ ಬುಕ್ಕನ್ನು ನಂಬಿದ್ದ. ಹಾಗಾದರೆ ಆತ ಅದರಲ್ಲಿ ಓದುವುದಾದರೂ ಏನು ಎಂಬ ಕುತೂಹಲ ನನಗೆ ಅಂದಿನಿಂದ.

ಆತನ ಹೆಂಡತಿ ಜಮೀಲಾಬೀ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ. ಆ ಹಳ್ಳಿ ಆಕೆಯ ತವರು. ಮಗಳು ಶಾಹೀಸ್ತಾ ಅಲ್ಲಿ ಓದುತ್ತಿದ್ದಾಗ ಸಿಕ್ಕ ಕೆಲಸ ಅದು. ಅಂಗಡಿಗಾಗಿ ಮಸ್ಕಿಗೆ ಬಂದ ಮೇಲೂ, ಮಗಳನ್ನು ಮುದಗಲ್ಲಿಗೆ ಕೊಟ್ಟ ಮೇಲೂ ಆಕೆ ಕೆಲಸ ಬಿಡಲಿಲ್ಲ. ಟಂಟಂ ತುಂಬುವ ಹೊತ್ತಿಗೆ ಅಲ್ಲಿ ಬೇಳೆ ಬೆಂದಿರಬೇಕು, ಹಾಗಾಗಿ ಸೈಕಲ್ಲೇ ಗತಿ. ಗಂಡನ ಹತ್ತಿರ ಮೋಟಾರು ಗಾಡಿ ಇಲ್ಲ. “ಸೈಕಲ್ ರಿಪೇರಿಯಾವ ಗಾಡಿ ಇಟ್ರ ಮಂದಿ ನಗತಾರ” ಅನ್ನುವುದು ಆತನ ಹಟ.

ನಾಲ್ಕೈದು ವರ್ಷಗಳಿಂದ ಆಕೆಗೆ ಮೊಣಕಾಲು ನೋವು. ಅರಿಸಿನ, ಎಣ್ಣೆ, ಎಕ್ಕದ ಎಲೆ, ಮಾತ್ರೆ ಎಲ್ಲ ಆದವು. ಲಿಂಗಸುಗೂರಿನ ಡಾಕ್ಟರು ಸೈಕಲ್ ಬಿಡಿ ಅಂದುಬಿಟ್ಟರು. ಹೋದ ಮಳೆಗಾಲದಲ್ಲಿ ಒಂದು ದಿನ ಆಕೆ ಹೆಡ್ ಮೇಡಂ ಹತ್ತಿರ ಹೋಗಿ, ದಸರಾ ರಜೆ ಮುಗಿದ ಮೇಲೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದಳು. ಅಡುಗೆ ಕೋಣೆಯ ಬಾಗಿಲಲ್ಲಿ ನನಗೆ ಸಿಕ್ಕಾಗ ಕಣ್ಣು ತುಂಬಿತ್ತು.

“ಮನ್ಯಾಗ ಕುಂತು ಏನ್ ಮಾಡ್ಲಿ ಟೀಚರ್ರ? ಇಲ್ಲಿ ನೂರು ಮಕ್ಕಳು ‘ಜಮೀಲಮ್ಮಾ ಇನ್ನೊಂಚೂರು’ ಅಂತಾವ. ಅಲ್ಲಿ ಯಾರಂತಾರ?”

ಆಕೆಯ ಸಾರು ಉಂಡು ನನಗೂ ಆರು ವರ್ಷದ ರೂಢಿ.

ಅದೇ ವಾರ ಒಂದು ಸಂಜೆ ಬಸ್ಸಿನಲ್ಲಿ ಹೊತ್ತು ಹೋಗಲೆಂದು ಶೇಕ್ಷಾವಲಿಯಿಂದ ಒಂದು ಬುಕ್ಕು ಕೇಳಿದೆ. ಆತ ರಾಶಿಯಲ್ಲಿ ಹುಡುಕಿ ಹಳೆಯದೊಂದನ್ನು ತೆಗೆದು, ಮೂಲೆ ಮುದುಡದ ಹಾಗೆ ಪೇಪರಿನಲ್ಲಿ ಸುತ್ತಿ ಕೊಟ್ಟ. “ಜ್ವಾಕಿ ಟೀಚರ್ರ” ಎಂದು ಎರಡು ಸಲ ಹೇಳಿದ.

ಬಸ್ಸಿನಲ್ಲಿ ತೆರೆದರೆ ಅರ್ಧ ಜಾಹೀರಾತು. ಯಾವುದೋ ದೇಶದ ಗುಡ್ಡ ಹತ್ತಿದವನ ಪುರಾಣ ಆರು ಪುಟ. ನನಗೆ ಆಕಳಿಕೆ ಬಂತು. ಇದನ್ನು ಕಾಸು ಕೊಟ್ಟು ಓದುವವರು ಇದ್ದಾರೆಯೇ ಅಂದುಕೊಳ್ಳುತ್ತಲೇ ಹಾಳೆ ತಿರುವಿದೆ. ಕೊನೆಯ ಕಡೆ ಓದುಗರ ಪ್ರಶ್ನೆಗಳಿದ್ದವು. ಒಂದರ ಪಕ್ಕದಲ್ಲಿ ಪೆಡಲಿನ ಮೇಲಿಟ್ಟ ಕಾಲಿನ ಚಿತ್ರ. ಚಿತ್ರದ ಅಂಚಿನಲ್ಲಿ ಗ್ರೀಸಿನ ಹೆಬ್ಬೆಟ್ಟಿನ ಗುರುತು, ಶೇಕ್ಷಾವಲಿಯದೇ. ಪ್ರಶ್ನೆ ಕೇಳಿದವಳು ಯಾರೋ ದೂರದ ಹೆಂಗಸು: ನನ್ನ ಮೊಣಕಾಲ ಚಿಪ್ಪಿನ ಮುಂದೆ ನೋಯುತ್ತದೆ, ಏನು ಮಾಡಲಿ? ಉತ್ತರ ಹೀಗಿತ್ತು: ನಿನ್ನ ಸೀಟು ತೀರ ಕೆಳಗಿರಬಹುದು. ಸೀಟು ತಗ್ಗಾದಷ್ಟೂ ಮೊಣಕಾಲು ಹೆಚ್ಚು ಮಡಚಿ ಭಾರ ಅದರ ಮೇಲೇ ಬೀಳುತ್ತದೆ. ಹಿಮ್ಮಡಿ ಪೆಡಲಿನ ಮೇಲಿಟ್ಟು ಕೆಳಗೆ ತುಳಿದಾಗ ಕಾಲು ನೇರವಾಗುವಷ್ಟು ಸೀಟು ಏರಿಸು.

ನನಗೆ ಜಮೀಲಾಬೀ ಸೈಕಲ್ ತುಳಿಯುವ ರೀತಿ ಕಣ್ಣ ಮುಂದೆ ಬಂತು. ಮೊಣಕಾಲುಗಳು ಹ್ಯಾಂಡಲ್ ತನಕ ಏರುತ್ತಿದ್ದವು, ಮಕ್ಕಳ ಸೈಕಲ್ ಮೇಲೆ ದೊಡ್ಡವರು ಕೂತ ಹಾಗೆ.

ಮರುದಿನ ಅಡುಗೆ ಕೋಣೆಯಲ್ಲಿ ಆಕೆಗೆ ಪುಟ ತೋರಿಸಿ ಕನ್ನಡದಲ್ಲಿ ಹೇಳಿದೆ. ಸೌಟು ಹಿಡಿದೇ ಕೇಳಿದಳು. ಸಂಜೆ ಸೈಕಲ್ ತಳ್ಳಿಕೊಂಡು ನನ್ನ ಜೊತೆಗೇ ದೊಡ್ಡ ರಸ್ತೆಗೆ ನಡೆದು ಬಂದಳು. ಅಲ್ಲಿಂದ ಸೈಕಲ್ಲನ್ನೂ ಟಂಟಂ ಮೇಲೆ ಹೇರಿಸಿ ಅಂಗಡಿ ಮುಂದೆ ಇಳಿದೆವು. ಗಂಡ ಹೆಂಡತಿ ತಮ್ಮಲ್ಲಿ ದಖನಿ ಉರ್ದು ಆಡುವವರು. ಅಂದು ಆಕೆ ಬೇಕೆಂದೇ ನನ್ನ ಮುಂದೆ ಕನ್ನಡದಲ್ಲಿ ಕೇಳಿದಳು.

“ಈ ಬುಕ್ ನಮ್ಮಲ್ಲಿ ಯಾವಾಗಿಂದ ಐತ್ರಿ?”

“ಶಾಹೀಸ್ತಾನ ಮದಿವಿಗಿಂತ ಮುಂಚೆ ತಂದಿದ್ದು. ಯಾಕ?”

“ಈ ಹಾಳಿ ಓದೀರೇನು?”

ಶೇಕ್ಷಾವಲಿ ಪುಟ ನೋಡಿದ, ನನ್ನ ಮುಖ ನೋಡಿದ. ನಾನು ಇನ್ನೊಮ್ಮೆ ಕನ್ನಡದಲ್ಲಿ ಹೇಳಿದೆ. ಆತ ಹತ್ತನೇ ಪಾಸು. ಇಂಗ್ಲಿಷ್ ಅಕ್ಷರ ಕೂಡಿಸಿ ಪಾರ್ಟುಗಳ ಹೆಸರು ಓದಬಲ್ಲ, ಸಾಲು ಓದಲಾರ. ಅದು ಅಂದಿನವರೆಗೆ ನನಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ.

“ಚಿತ್ರ ನೋಡೀನಿ,” ಅಂದ. “ರೇಸಿನಾವ್ರ ಕಾಲು ಅನಕೊಂಡಿದ್ನಿ.”

ಆಕೆ ಸೈಕಲ್ಲನ್ನು ಆತನ ಮುಂದೆ ನಿಲ್ಲಿಸಿದಳು. ಆತ ಸೀಟಿನ ನಟ್ಟು ಸಡಿಲಿಸಿದ. ಸೀಟು ಹೊತ್ತ ಪೈಪು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಿಂದ ತಟ್ಟಿ, ತಿರುವಿ ತಿರುವಿ ಎಳೆದಾಗ ಮೆಲ್ಲಗೆ ಮೇಲೆ ಬಂತು. ಅದರ ಮೇಲೆ ಒಂದರ ಕೆಳಗೊಂದು ಉಂಗುರದಂಥ ಗೀರುಗಳಿದ್ದವು. ನಟ್ಟು ಬಿಗಿದ ಜಾಗಗಳು ಅವು.

ಜಮೀಲಾಬೀ ಎಲ್ಲಕ್ಕಿಂತ ಕೆಳಗಿನ ಗೀರಿನ ಮೇಲೆ ಬೆರಳಿಟ್ಟಳು. “ಇದು?”

“ಹೊಸಾದು ಕೊಡಿಸಿದಾಗ ಬಿಗಿದಿದ್ದು. ಆವಾಗ ಸೀಟು ಎತ್ತರ ಇತ್ತು.”

“ಇದು?”

“ಮುದಗಲ್ಲಿಗೆ ಹೋಗಿ ಶಾಹೀಸ್ತಾನ ಬಾಣಂತನ ಮುಗಿಸ್ಕೊಂಡು ಬಂದಿ ನೋಡು. ಕಾಲು ನೋಯತಾವ ಅಂದಿ. ನೆಲಕ್ಕ ಕಾಲು ಸಲೀಸು ಮುಟ್ಲಿ ಅಂತ ಇಳಿಸಿದ್ನಿ.”

“ಮ್ಯಾಲಿಂದು?”

ಆತನ ದನಿ ಇಳಿಯಿತು. “ಮತ್ತ ನೋಯತೈತಿ ಅಂದಿ. ಮತ್ತ ಇಳಿಸಿದ್ನಿ. ಹೋದ್ ವರ್ಷ ರಂಜಾನಿನ್ಯಾಗ ಭಾಳ ಅಳಾಕತ್ತಿದ್ದಿ. ಆವತ್ತು ಪೂರಾ ಇಳಿಸಿದ್ನಿ.” ಪೈಪು ಕೈಯಲ್ಲೇ ಇತ್ತು. “ನಾನ ಇಳಿಸಿದ್ದು, ಜಮೀಲಾ.”

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಮೂಗು ತೂರಿಸುವ ಚಟಕ್ಕೆ ನಾಚಿಕೆಯಾದದ್ದು ಅದೊಂದೇ ಸಲ. ಆಕೆ ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಆತನಿಗೆ ಹಗುರವಾಗುತ್ತಿತ್ತೇನೋ. ಆಕೆ ಸೆರಗಿನಿಂದ ಪೈಪಿನ ಎಣ್ಣೆ ಒರೆಸಿದಳು.

“ಗೊತ್ತೈತ್ರಿ. ಈಗ ಏರಸ್ರಿ.”

ಮೊದಲ ದಿನಗಳಲ್ಲಿ ನೆಲಕ್ಕೆ ಕಾಲು ಎಟುಕದೆ, ಇಳಿಯಲು ಕಟ್ಟೆ ಹುಡುಕುತ್ತ ಆಕೆ ಪಟ್ಟ ಪಾಡಿಗೆ ಬಜಾರೆಲ್ಲ ನಕ್ಕಿತು. ನೋವು ಒಂದೇ ಏಟಿಗೆ ಹೋಗಲಿಲ್ಲ, ಪೂರ್ತಿ ಈಗಲೂ ಹೋಗಿಲ್ಲ. ಆದರೆ ದಸರಾ ರಜೆ ಮುಗಿದ ದಿನ ನಾನು ಶಾಲೆಗೆ ಬಂದಾಗ ಅಡುಗೆ ಕೋಣೆಯಿಂದ ಜಮೀಲಾಬೀಯ ಒಗ್ಗರಣೆಯ ವಾಸನೆ ಬರುತ್ತಿತ್ತು.

ಮೊನ್ನೆ ಗಿರಾಕಿಯೊಬ್ಬ ಬುಕ್ಕುಗಳ ರಾಶಿ ನೋಡಿ, ಈ ಕಾಲದಲ್ಲಿ ಇವುಗಳಿಂದ ಏನಾದರೂ ಉಪಯೋಗ ಇದೆಯೇ ಎಂದು ಕೇಳಿದ. ನಾನು ಬೆಂಚಿನ ಮೇಲೆ ಕೂತು ಹಳೆಯ ಭಾಷಣಕ್ಕೆ ಕಾದೆ. ಶೇಕ್ಷಾವಲಿ ಪಾನಾ ಕೆಳಗಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಗೊತ್ತಿಲ್ಲಪ,” ಅಂದ. “ಈಗ ಓದಾಕ ಕಲಿಯಾಕತ್ತೀನಿ.”